ಬೋಪದೇವ್ ಘಾಟ್ ಹತ್ತಿ ನೀರಾ ನಾಲೆ ಹಿಡಿದು: ಪುಣೆಯಲ್ಲಿ ನನ್ನ ಸೈಕಲ್ ದಾರಿ

ಪುಣೆಯಲ್ಲಿ ರೋಡ್ ಬೈಕ್ ಇಟ್ಟುಕೊಂಡವರನ್ನು ಭಾನುವಾರ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದರೆ ಹೆಚ್ಚಿನವರು ಪಶ್ಚಿಮದ ಕಡೆ ಕೈ ತೋರಿಸುತ್ತಾರೆ. ಸಿಂಹಗಡ, ಪಾನಶೇತ್, ಮುಳಶಿ, ಲೋಣಾವಳ. ಚೆಂದದ ದಾರಿಗಳೇ, ಬೇಡ ಅನ್ನಲ್ಲ. ಆದರೆ ನನಗೆ ಇಷ್ಟವಾದದ್ದು ಅದರ ಎದುರು ದಿಕ್ಕು. ಪುಣೆಯ ಕೋಂಢವಾದಿಂದ ಬೋಪದೇವ್ ಘಾಟ್ ಹತ್ತಿ, ಸಾಸವಡ ದಾಟಿ, ಜೇಜುರಿವರೆಗಿನ ಏರಿಳಿತದಲ್ಲಿ ಬೆವರಿಳಿಸಿ, ನೀರಾ ಊರಿನಲ್ಲಿ ನಾಲೆ ಹಿಡಿದು ಬಾರಾಮತಿ ಕಡೆ ಹೋಗುವ ದಾರಿ. ಗುಡ್ಡವೂ ಸಿಗುತ್ತೆ, ನಾಲೆಯೂ ಸಿಗುತ್ತೆ. ಕಾಲಿಗೆ ಈ ಎರಡೂ ಬೇಕು, ಅದನ್ನೇ ಇಲ್ಲಿ ಹೇಳೋಣ ಅಂತ ಕೂತೆ.

ನಾನು ಮಂಡ್ಯ ಕಡೆಯವನು. ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಏರಿ ಮೇಲೆ ಒಳಪೆಡಲ್ ಹೊಡೆದು ಸೈಕಲ್ ಕಲಿತವನು. ಹಾಗಾಗಿ ಪುಣೆಗೆ ಬಂದ ಮೇಲೆ ಮೊದಲು ಹುಡುಕಿದ್ದೇ ನಾಲೆ. ಊರೊಳಗೆ ಇದೆ, ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಟ ಮುಠಾ ಬಲದಂಡೆ ನಾಲೆ ಸ್ವಾರಗೇಟ್, ಹಡಪಸರ ಹಾದು ಇಂದಾಪುರದ ತನಕ ಸುಮಾರು 200 ಕಿ.ಮೀ. ಹೋಗುತ್ತದೆ. ಆದರೆ ಊರೊಳಗಿನ ಭಾಗ ಸೈಕಲ್ಲಿಗೆ ಆಗಲ್ಲ. ದಂಡೆಗೆ ಅಂಟಿಕೊಂಡೇ ಮನೆಗಳು, ಮಕ್ಕಳು ಆಡ್ತಿರುತ್ತವೆ, ಕಸ ಬೇರೆ. ಹಡಪಸರ ದಾಟಿದ ಮೇಲೆ ಹೊಲ ಶುರುವಾಗುತ್ತೆ, ಆದರೆ ಅಲ್ಲಿಗೆ ಹೋಗಬೇಕಾದರೆ ಸೋಲಾಪುರ ಹೆದ್ದಾರಿಯ ಲಾರಿಗಳ ಮಧ್ಯೆ ನುಗ್ಗಬೇಕು. ನೀರಾ ಎಡದಂಡೆ ನಾಲೆ ದೂರ ಇದ್ದರೂ ನೆಮ್ಮದಿ.

ಇನ್ನೊಂದು ಮಾತು, ನಮ್ಮವರಿಗೆ ಖುಷಿ ಕೊಡೋದು. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಪಾಸಾದದ್ದು 1883ರಲ್ಲಿ. ನೀರಿನ ಮಟ್ಟ ಏರಿದಾಗ ತಾನಾಗಿ ತೆರೆದುಕೊಳ್ಳುವ ಅವರ ಗೇಟುಗಳನ್ನು ಮೊದಲು ಕೂರಿಸಿದ್ದು ಖಡಕ್‌ವಾಸ್ಲಾದಲ್ಲಿ, 1903ರಲ್ಲಿ. ಕೆಆರ್‌ಎಸ್‌ಗೆ ಬಂದದ್ದು ಆಮೇಲೆ. ನೀರಾ ನಾಲೆಯ ಹೊಲಗಳಿಗೆ ಬ್ಲಾಕ್ ಪದ್ಧತಿ ತಂದವರೂ ಅವರೇ. ಊರಿನ ಜಮೀನನ್ನು ಬ್ಲಾಕ್ ಬ್ಲಾಕಾಗಿ ಮಾಡಿ, ಕಬ್ಬಿನಂಥ ಜಾಸ್ತಿ ನೀರು ಕುಡಿಯುವ ಬೆಳೆಯನ್ನು ಒಂದು ಪಾಲಿಗಷ್ಟೇ ಬಿಟ್ಟು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ ಇಟ್ಟು, ಸರದಿ ಮೇಲೆ ನೀರು ಬಿಡುವ ಲೆಕ್ಕ. ಈಗ ನಾಲೆ ಪಕ್ಕ ಎತ್ತ ನೋಡಿದರೂ ಕಬ್ಬೇ. ಆದರೂ ತೂಬಿನ ಮುಂದೆ ಸೈಕಲ್ ನಿಲ್ಲಿಸಿ, ಕಬ್ಬಿಣದ ಚಕ್ರ ತಿರುಗಿಸಿ ಒಂದು ಹೊಲಕ್ಕೆ ನೀರು ಬಿಟ್ಟು ಇನ್ನೊಂದಕ್ಕೆ ಕಟ್ಟುವುದನ್ನು ನೋಡುವಾಗ ಅವರ ನೆನಪು ಬರುತ್ತೆ.

ಸರಿ, ದಾರಿಗೆ ಬರೋಣ.

ಸಾಸವಡಕ್ಕೆ ಹೋಗಲು ದಿವೆ ಘಾಟ್ ಒಂದು, ಬೋಪದೇವ್ ಇನ್ನೊಂದು. ದಿವೆ ಘಾಟ್‌ನಿಂದ ಕೆಳಗೆ ಮಸ್ತಾನಿ ಕೆರೆ ಕಾಣುತ್ತೆ, ನೋಟ ಚೆಂದ, ಆದರೆ ದೊಡ್ಡ ಗಾಡಿಗಳು ಜಾಸ್ತಿ. ನನ್ನ ಆಯ್ಕೆ ಬೋಪದೇವ್. ಬೆಳಗ್ಗೆ ಬೆಳಕು ಹರಿಯುವ ಮುಂಚೆ ಘಾಟ್ ಬುಡದಲ್ಲಿರಬೇಕು. ಕಡಿದಾದ ಏರು, ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಕೂತುಕೊಂಡೇ ಹತ್ತಬಹುದು. ಶುರುವಿನಲ್ಲೇ ಜೋರು ಮಾಡಬೇಡಿ, ಮುಂದೆ ಇಡೀ ದಿನ ಇದೆ. ಮೇಲೆ ಹೋದ ಮೇಲೆ ಭಿವರಿ, ಚಾಂಬಳಿ ಊರುಗಳು, ಸೀತಾಫಲ ಅಂಜೂರದ ತೋಟಗಳು. ಈ ಪುರಂದರ ತಾಲೂಕಿನ ಅಂಜೂರಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಇದೆ. ಸೀಸನ್ನಿನಲ್ಲಿ ರಸ್ತೆ ಬದಿಯಲ್ಲೇ ಬುಟ್ಟಿ ಇಟ್ಟುಕೊಂಡು ಮಾರುತ್ತಾರೆ, ವಾಪಸ್ ಬರುವಾಗ ತಗೊಳ್ಳಿ, ಹೋಗುವಾಗ ತಗೊಂಡರೆ ಬ್ಯಾಗಿನಲ್ಲಿ ಚಟ್ನಿ.

ಸಾಸವಡದಿಂದ ಜೇಜುರಿ 17 ಕಿ.ಮೀ. ಆಸುಪಾಸು. ಒಂದೇ ಸಮ ಏರಿಯೂ ಇಲ್ಲ, ಇಳಿಜಾರೂ ಇಲ್ಲ, ದಿಬ್ಬ ಆದ ಮೇಲೆ ದಿಬ್ಬ. ಇಲ್ಲಿ ಕಾಲಿಗಿಂತ ಗೇರಿನ ಕೆಲಸ ಜಾಸ್ತಿ. ಇಳಿತ ಮುಗಿಯುವ ಮುಂಚೆಯೇ ಒಂದು ಗೇರ್ ಹಗುರ ಮಾಡಿಕೊಂಡರೆ ಮುಂದಿನ ದಿಬ್ಬದ ಅರ್ಧ ಸುಮ್ನೆ ಸಿಗುತ್ತೆ. ದಿಬ್ಬದ ಬುಡಕ್ಕೆ ಬಂದು ಬದಲಿಸಿದರೆ ಚೈನು ಕಟಕಟ ಅಂತ ಒದ್ದಾಡುತ್ತೆ, ವೇಗವೂ ಹೋಗುತ್ತೆ.

ಜೇಜುರಿಯ ಖಂಡೋಬ ಅಂದರೆ ನಮ್ಮ ಮೈಲಾರಲಿಂಗ. ಜೊತೆಗೆ ಬರುವ ಧಾರವಾಡದ ಹಿರಿಯರೊಬ್ಬರಿದ್ದಾರೆ, ಗುಡ್ಡದ ಮೇಲಿನ ಗುಡಿ ಕಂಡ ಕೂಡಲೇ ಹ್ಯಾಂಡಲ್‌ನಿಂದ ಒಂದು ಕೈ ಎತ್ತಿ 'ಏಳುಕೋಟಿ ಏಳುಕೋಟಿ' ಅಂತ ಜೋರಾಗಿ ಕೂಗುತ್ತಾರೆ. ದಾರಿಹೋಕರು 'ಯೇಳಕೋಟ್ ಯೇಳಕೋಟ್ ಜಯ್ ಮಲ್ಹಾರ್' ಅಂತ ತಿರುಗಿ ಕೂಗುತ್ತಾರೆ. ಎಷ್ಟು ಸಲ ಕೇಳಿದರೂ ಮೈ ಜುಂ ಅನ್ನುತ್ತೆ. ಸೋಮವತಿ ಅಮಾವಾಸ್ಯೆ, ಅಂದರೆ ಸೋಮವಾರ ಬರುವ ಅಮಾವಾಸ್ಯೆ ದಿನ ಮಾತ್ರ ಈ ದಾರಿ ಬೇಡ, ಕಾಲಿಡಲು ಜಾಗ ಇರಲ್ಲ. ಹಾಗೆಯೇ ಆಷಾಢದ ಪಾಲಕಿ ಸಮಯದಲ್ಲಿ ಸಾಸವಡ, ಜೇಜುರಿ, ವಾಲ್ಹೆ ದಾರಿಯೆಲ್ಲ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರದ್ದು.

ವಾಲ್ಹೆ ದಾಟಿ ನೀರಾಕ್ಕೆ ಇಳಿದರೆ ಊರಿನ ಬಣ್ಣವೇ ಬದಲಾಗುತ್ತೆ. ಅಲ್ಲಿತನಕ ಕಲ್ಲು, ಒಣ ಹುಲ್ಲು, ಇಲ್ಲಿಂದ ಕಣ್ಣು ಹಾಯಿಸಿದಷ್ಟೂ ಹಸಿರು. ವೀರ್ ಅಣೆಕಟ್ಟಿನ ಬಳಿಯಿಂದ ಬರುವ ನಾಲೆ ನೆಲದ ಮಟ್ಟ ಹಿಡಿದು ಬಳಸಿ ಬಳಸಿ ಹೋಗುತ್ತೆ. ಬಾರಾಮತಿ ಕಡೆಯ ಡಾಂಬರು ರಸ್ತೆ ಕೆಲವೆಡೆ ಅದರ ಪಕ್ಕದಲ್ಲೇ, ಕೆಲವೆಡೆ ದೂರ. ನಿಂಬುತ್, ಸೋಮೇಶ್ವರನಗರ ಈ ಸಾಲಿನ ಊರುಗಳು.

ನಾಲೆ ಪಕ್ಕ ಸಲೀಸು ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಇಳಿಜಾರು ಕಣ್ಣಿಗೇ ಕಾಣದಷ್ಟು, ಹಾಗಾಗಿ ಪೆಡಲ್ ನಿಲ್ಲಿಸಿ ಕೂರುವ ಅವಕಾಶವೇ ಸಿಗಲ್ಲ. ಗುಡ್ಡದಲ್ಲಿ ಹತ್ತಿದ ಮೇಲೆ ಇಳಿಯುವಾಗ ಸುಧಾರಿಸಿಕೊಳ್ಳಬಹುದು, ಇಲ್ಲಿ ತುಳಿಯುತ್ತಲೇ ಇರಬೇಕು, ಸೊಂಟ, ಕೈ, ಸೀಟಿನ ಜಾಗ ಎಲ್ಲ ಹಿಡಿದುಕೊಳ್ಳುತ್ತೆ. ನಾನು ಮಾಡುವುದಿಷ್ಟು: ನಿಮಿಷಕ್ಕೆ 85ರಿಂದ 90 ಸುತ್ತು ತುಳಿಯುವ ಹಗುರ ಗೇರ್ ಹಾಕಿಕೊಂಡು, ವೇಗ ನೋಡದೆ ಆ ಲಯವನ್ನೇ ಕಾಯ್ದುಕೊಳ್ಳುವುದು, ಮಧ್ಯೆ ಮಧ್ಯೆ ಎದ್ದು ನಿಂತು ಹತ್ತು ತುಳಿತ, ಮತ್ತೆ ಕೂರುವುದು. ಇದನ್ನು ರೂಢಿ ಮಾಡಿಕೊಂಡ ಮೇಲೆ ಬೋಪದೇವ್ ಹತ್ತುವಾಗಲೂ ಉಸಿರು ಹದದಲ್ಲಿರುತ್ತೆ. ನನ್ನ ಮಟ್ಟಿಗೆ ಘಾಟ್ ಹತ್ತುವುದನ್ನು ಕಲಿಸಿದ್ದು ನಾಲೆಯೇ.

ನಾಲೆ ದಂಡೆಯ ಮೇಲಿನ ಮಣ್ಣಿನ ದಾರಿ ನೀರಾವರಿ ಇಲಾಖೆಯದು. ಮುರಂ, ಅಂದರೆ ಗರಸು ಮಣ್ಣು, ಹಾಕಿರುವ ಕಡೆ, ಒಣಗಿದ್ದರೆ, 28 ಮಿ.ಮೀ. ಟೈರಿನಲ್ಲೂ ಹೋಗಬಹುದು, 32 ಇದ್ದರೆ ಆರಾಮ. ಇಳಿಯುವ ಮುಂಚೆ ಅಲ್ಲಿನ ಪಾಟಕರಿಯನ್ನು, ಅಂದರೆ ನಮ್ಮ ನೀರುಗಂಟಿಯನ್ನು, ಕಂಡರೆ ಒಂದು ಮಾತು ಕೇಳಿ. 'ಕಾಕಾ, ಪುಢೆ ರಸ್ತಾ ಆಹೆ ಕಾ?' (ಕಾಕಾ, ಮುಂದೆ ದಾರಿ ಇದೆಯಾ?) ಅಂದರೆ ಸಾಕು, ಎಲ್ಲಿ ದಂಡೆ ಕುಸಿದಿದೆ, ಎಲ್ಲಿ ಸೇತುವೆ ಕೆಟ್ಟಿದೆ ಎಲ್ಲ ಹೇಳುತ್ತಾರೆ. ಮಳೆ ಬಿದ್ದ ಮೇಲೆ ಮಾತ್ರ ದಂಡೆಗೆ ಇಳಿಯಲೇಬೇಡಿ. ಅದು ಎರೆಮಣ್ಣಿನ ಸೀಮೆ. ಟೈರಿಗೂ ಬ್ರೇಕಿಗೂ ನಡುವೆ ಮಣ್ಣು ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತೆ, ಆಮೇಲೆ ಸೈಕಲ್ ಹೊತ್ತುಕೊಂಡೇ ನಡೆಯಬೇಕು. ನಾಲೆ ತುಂಬಾ ಸೌಮ್ಯವಾಗಿ ಹರಿಯುವ ಹಾಗೆ ಕಂಡರೂ ಈಜಲು ಇಳಿಯಬೇಡಿ. ಸೆಳೆತ ಇರುತ್ತೆ, ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ, ಹಿಡಿದು ಹತ್ತಲು ಏನೂ ಸಿಗಲ್ಲ.

ಮುಳ್ಳಿನ ವಿಷಯ. ದಂಡೆ ತುಂಬಾ ಜಾಲಿ ಮರ. ಜಾಲಿ ಮುಳ್ಳು ಚುಚ್ಚಿದ ಕೂಡಲೇ ಗಾಳಿ ಹೋಗಲ್ಲ, ತುದಿ ಮುರಿದು ಟೈರಿನೊಳಗೆ ಉಳಿದು ಐದಾರು ಕಿ.ಮೀ. ಆದ ಮೇಲೆ ನಿಧಾನಕ್ಕೆ ಮೆತ್ತಗಾಗುತ್ತೆ. ಟ್ಯೂಬ್ ಬದಲಿಸಿ ಹಾಗೇ ಕೂರಿಸಿದರೆ ಅದೇ ಮುಳ್ಳು ಹೊಸ ಟ್ಯೂಬನ್ನೂ ಚುಚ್ಚುತ್ತೆ. ಅದಕ್ಕೆ ಟೈರಿನ ಒಳಗೆ ಕರ್ಚೀಫು ಒತ್ತಿ ಪೂರ್ತಿ ಒಂದು ಸುತ್ತು ಸವರಿ. ಮುಳ್ಳಿನ ತುದಿ ಇದ್ದ ಕಡೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತೆ, ಬೆರಳಿಗೂ ಗಾಯ ಆಗಲ್ಲ. ಉಗುರಿಗೆ ಸಿಗದಿದ್ದರೆ ಹುಬ್ಬಿನ ಚಿಮಟ ಬೇಕು, ಆ ಪುಟ್ಟ ಚಿಮಟ ನನ್ನ ಸೀಟಿನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತೆ. ಎರಡು ಟ್ಯೂಬ್, ಪಂಪು, ಪ್ಯಾಚು ಹೇಳಬೇಕಾಗಿಲ್ಲ ಅಲ್ವಾ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಮುಳಶಿ ಕಡೆ ಧೋ ಅಂತ ಸುರಿಯುವಾಗ ಈ ಕಡೆ ಮಳೆನೆರಳು, ಡಾಂಬರು ರಸ್ತೆ ಬಹಳ ದಿನ ಒಣಗಿಯೇ ಇರುತ್ತೆ. ಗುಡ್ಡ ಹಸಿರಾಗಿರುತ್ತೆ. ಆದರೆ ಗಾಳಿ ಪಶ್ಚಿಮದಿಂದ. ಹೋಗುವಾಗ ಬೆನ್ನ ಹಿಂದೆ, ಬರುವಾಗ ಎದೆಗೆ. ಧಾರವಾಡದ ಹಿರಿಯರು ಇದನ್ನೇ ಹೇಳೋದು, 'ಹೋಗೂಮುಂದ ಗಾಳಿ ನಿಮ್ಮನ್ನ ಹೊಗಳತೈತ್ರಿ, ಅದನ್ನ ನಂಬಬ್ಯಾಡ್ರಿ, ಬರೂಮುಂದ ಬೇಕಾಗೋ ಕಾಲು ಉಳಿಸ್ಕೊಳ್ರಿ.' ಚಳಿಗಾಲದಲ್ಲಿ ಗಾಳಿ ತಣ್ಣಗೆ, ಹವೆ ಒಳ್ಳೆಯದು, ಆದರೆ ಕಬ್ಬಿನ ಕಟಾವು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವೇ ಇರಲ್ಲ, ಕಬ್ಬಿನ ತುದಿಗಳು ಎರಡೂ ಬದಿಗೆ ಮೊಳದುದ್ದ ಚಾಚಿಕೊಂಡಿರುತ್ತವೆ. ಓವರ್‌ಟೇಕ್ ಮಾಡುವಾಗ ಮುಖದ ಮಟ್ಟದಲ್ಲೇ ಬರುತ್ತೆ. ಹಾಡು ಹಾಕಿಕೊಂಡಿರುವ ಡ್ರೈವರಿಗೆ ನಿಮ್ಮ ಗಂಟೆ ಕೇಳಿಸಲ್ಲ, ಅವನ ಕನ್ನಡಿಯಲ್ಲಿ ನೀವು ಕಾಣುವ ತನಕ ಹಿಂದೆಯೇ ಇರಿ. ನಸುಕಿನಲ್ಲಿ ಕಬ್ಬಿನ ಎತ್ತಿನಗಾಡಿಗಳೂ ಸಾಲಾಗಿ ಬರುತ್ತವೆ, ಎತ್ತಿನ ಹತ್ತಿರ ಬಂದಾಗ ನಿಧಾನ ಮಾಡಿ.

ನೀರು ಎರಡು ಬಾಟಲಿ, ಒಂದರಲ್ಲಿ ಓಆರ್‌ಎಸ್. ತಿನ್ನಲು ನೀರಾದಲ್ಲಿ ಪೋಹೆ, ವಡಾಪಾವ್, ಕಬ್ಬಿನ ಹಾಲು ಎಲ್ಲ ಸಿಗುತ್ತೆ. ಖಾರದ ಮೊಳಕೆಕಾಳಿನ ಮಿಸಳ್ ಮಾತ್ರ ಸವಾರಿ ಮುಗಿದ ಮೇಲೆ. ಮಧ್ಯದಲ್ಲಿ ತಿಂದರೆ ಮುಂದಿನ ಗಂಟೆಯೆಲ್ಲ ಅದರದ್ದೇ ಉರಿ.

ಸೋಮೇಶ್ವರನಗರದಿಂದ ಉತ್ತರಕ್ಕೆ ತಿರುಗಿ ಮೋರಗಾಂವ್ ಸೇರಿದರೆ ಅಷ್ಟವಿನಾಯಕರಲ್ಲಿ, ಅಂದರೆ ಈ ಸೀಮೆಯ ಎಂಟು ಹೆಸರಾಂತ ಗಣಪತಿಗಳಲ್ಲಿ, ಮೊದಲಿನವನಾದ ಮಯೂರೇಶ್ವರನ ಗುಡಿ, ಅಲ್ಲಿಂದ ಜೇಜುರಿ, ಮತ್ತೆ ಬಂದ ದಾರಿ. ಮನೆ ಸೇರುವಾಗ 150 ಕಿ.ಮೀ. ಆಸುಪಾಸು ಆಗುತ್ತೆ. ಅಷ್ಟು ಬೇಡ ಅನ್ನುವವರು, ಮೊದಲ ಸಲ ಬರುವವರು, ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ನೀರಾತನಕ ಬನ್ನಿ. ಅಲ್ಲಿಂದ ಸೋಮೇಶ್ವರನಗರಕ್ಕೆ ಹೋಗಿ ವಾಪಸ್. ಬಿಸಿಲೇರುವ ಮುಂಚೆ ಮುಗಿಯುತ್ತೆ.