ಚಳಿಗೆ ಗ್ಯಾಸ್ ಸ್ಟವ್ ಉರಿ ಕುಗ್ಗಿದರೆ

ಹಿಮಾಲಯದ ಟ್ರೆಕ್‌ನಲ್ಲಿ ಬೆಳಗಿನ ಹೊತ್ತು ಪುಟ್ಟ ಗ್ಯಾಸ್ ಸ್ಟವ್‌ನ ಉರಿ ಕುಗ್ಗಿದರೆ, ಕ್ಯಾನಿಸ್ಟರನ್ನು, ಅಂದರೆ ಗ್ಯಾಸ್ ತುಂಬಿದ ಡಬ್ಬಿಯನ್ನು, ಅಗಲವಾದ ಬಟ್ಟಲಲ್ಲಿಟ್ಟು ಒಂದು ಅಂಗುಲ ನೀರು ಹಾಕಿ. ಬೆಚ್ಚಗಿದ್ದರೆ ಒಳ್ಳೆಯದು, ಆದರೆ ತಣ್ಣೀರೂ ನಡೆಯುತ್ತದೆ. ಒಳಗೆ ದ್ರವರೂಪದಲ್ಲಿರುವ ಗ್ಯಾಸ್ ಆವಿಯಾಗುವಾಗ ಡಬ್ಬಿಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಡಬ್ಬಿ ಹೊರಗಿನ ಗಾಳಿಗಿಂತಲೂ ಜಾಸ್ತಿ ತಣ್ಣಗಾಗಿ ಒತ್ತಡ ಇಳಿಯುವುದು. ನೀರು ಗಾಳಿಗಿಂತ ಬೇಗ ಶಾಖ ಕೊಟ್ಟು ಆ ನಷ್ಟವನ್ನು ತುಂಬಿಸುತ್ತದೆ. ನೀರಿನ ಮೇಲೆ ಮಂಜುಗಡ್ಡೆ ಕಟ್ಟತೊಡಗಿದರೆ ಬದಲಿಸಿ. ಬರೀ ಬ್ಯೂಟೇನ್ ಎಂಬ ಗ್ಯಾಸ್ ಇರುವ ಡಬ್ಬಿಗೆ ಕಡಿಮೆ ಎತ್ತರದ ಜಾಗಗಳಲ್ಲಿ ತಣ್ಣೀರಿನಿಂದ ಅಷ್ಟೇನೂ ಲಾಭವಿಲ್ಲ. ಸಮುದ್ರಮಟ್ಟದಲ್ಲಿ ಅದು ಕುದಿಯುವುದೇ ಮೈನಸ್ 0.5 ಡಿಗ್ರಿಯಲ್ಲಿ, ಅದರದೇ ಇನ್ನೊಂದು ರೂಪವಾದ ಐಸೊಬ್ಯೂಟೇನ್ ಆದರೆ ಸುಮಾರು ಮೈನಸ್ 12ರಲ್ಲಿ. ಕೈ ಅದ್ದಲಾಗದಷ್ಟು ಬಿಸಿನೀರು ಮಾತ್ರ ಬೇಡವೇ ಬೇಡ, ಡಬ್ಬಿ ಸಿಡಿಯಬಹುದು.