ಪೆನ್ನಿಯ ಹಾಳೆ, ಪ್ರೀತಿಯ ಹಾಡು

17ನೇ ಶತಮಾನದ ಇಂಗ್ಲೆಂಡಿನಲ್ಲಿ ಬೀದಿ ಗಾಯಕರು ಹಾಡಿ ಮಾರುತ್ತಿದ್ದ ಹಾಡಿನ ಹಾಳೆಗಳೇ ಬ್ರಾಡ್‌ಸೈಡ್ ಬ್ಯಾಲೆಡ್‌ಗಳು. ಹಾಳೆಯ ಒಂದೇ ಬದಿಗೆ ಅಚ್ಚು, ಬೆಲೆ ಹೆಚ್ಚೆಂದರೆ ಒಂದು ಪೆನ್ನಿ. ಇವನ್ನು ಬರೀ ಓದಿದರೆ ಸಪ್ಪೆ. ಹಾಡಿದರೇ ರುಚಿ. ಹಾಗಾಗಿ ನಾನು ಹಾಡಲು ಕಲಿತೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್‌ನವರು ಸಾವಿರಾರು ಹಾಳೆಗಳ ಚಿತ್ರಗಳನ್ನು ಆನ್‌ಲೈನಿನಲ್ಲಿ ಇಟ್ಟಿದ್ದಾರೆ. ಜೊತೆಗೆ ಓದಲು ಸುಲಭವಾದ ಪ್ರತಿ, ಎಷ್ಟೋ ಹಾಡುಗಳ ಧ್ವನಿಮುದ್ರಣ. ಎಲ್ಲಾ ಉಚಿತ.

ಹಾಳೆಗಳಲ್ಲಿ ಸ್ವರಲಿಪಿ ಸಿಗುವುದು ಅಪರೂಪ. ನಮ್ಮ ಕಂಪನಿ ನಾಟಕದ ಪದಗಳಿಗೆ ಮಟ್ಟು ಹೇಳುತ್ತಿದ್ದ ಹಾಗೆ, ತಲೆಬರಹದ ಕೆಳಗೆ ಧಾಟಿಯ ಹೆಸರು ಮಾತ್ರ ಇರುತ್ತದೆ. ನಾನು ಮೊದಲು ಧಾಟಿಯನ್ನು ಗುನುಗಿ ಗುನುಗಿ ಬಾಯಿಗೆ ಕೂರಿಸಿಕೊಳ್ಳುತ್ತೇನೆ. ಆಮೇಲೇ ಅಕ್ಷರಕ್ಕೆ ಕೈ ಹಾಕುವುದು. ಅದು ದಪ್ಪ ಗಾಥಿಕ್ ಲಿಪಿ, ಅದರಲ್ಲಿ ಉದ್ದನೆಯ 'ಎಸ್' ಥೇಟ್ 'ಎಫ್' ಥರ. ಗಟ್ಟಿಯಾಗಿ ಓದುತ್ತಾ ಹೋದರೆ ಕಣ್ಣು ತಡವರಿಸಿದಲ್ಲಿ ಕಿವಿ ದಾರಿ ತೋರಿಸುತ್ತದೆ. ಹಾಡಿನ ಜೊತೆ ಅಚ್ಚಾದ ಚಿತ್ರಗಳನ್ನಂತೂ ನಂಬಬೇಡಿ. ಖರ್ಚು ಉಳಿಸಲು ಅದೇ ಮರದಚ್ಚುಗಳನ್ನು ಸಿಕ್ಕ ಸಿಕ್ಕ ಹಾಡಿಗೆಲ್ಲ ಒತ್ತುತ್ತಿದ್ದರು.

ನಾನು ಆರಿಸಿಕೊಂಡದ್ದು ಇಸ್ಲಿಂಗ್ಟನ್ ಎಂಬ ಊರಿನ ಬೇಲಿಫ್‌ನ (ಅಂದರೆ ಒಬ್ಬ ಅಧಿಕಾರಿಯ) ಮಗಳ ಹಾಡು. ಶ್ರೀಮಂತರ ಹುಡುಗ ಅವಳನ್ನು ಪ್ರೀತಿಸುತ್ತಾನೆ, ಅವಳು ಸೊಪ್ಪು ಹಾಕುವುದಿಲ್ಲ. ಮನೆಯವರು ಅವನನ್ನು ಲಂಡನ್ನಿಗೆ ಕೆಲಸ ಕಲಿಯಲು ಅಟ್ಟುತ್ತಾರೆ. ಏಳು ವರ್ಷ ಕಳೆಯುತ್ತದೆ. ಈಗ ಅವಳೇ ಹರಕು ಬಟ್ಟೆ ತೊಟ್ಟು ಹುಡುಕಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಕುದುರೆ ಮೇಲೆ ಬಂದ ಅದೇ ಹುಡುಗನನ್ನು ಒಂದು ಪೆನ್ನಿ ಬೇಡುತ್ತಾಳೆ. ಹಾಡಿನ ಹಾಳೆಯ ಬೆಲೆಯೂ ಅಷ್ಟೇ ಅಲ್ವಾ, ನೆರೆದವರು ನಕ್ಕಿರಬೇಕು! ಅವನು ಬೇಲಿಫ್‌ನ ಮಗಳ ಸುದ್ದಿ ಕೇಳಿದರೆ, 'ಅವಳು ಸತ್ತು ಎಷ್ಟೋ ದಿನವಾಯ್ತು' ಅನ್ನುತ್ತಾಳೆ.

ಇಲ್ಲೇ ಇರುವುದು ಕಷ್ಟ. ದನಿ ನಡುಗಿಸಿ ಅಭಿನಯಿಸಿದರೆ ಹಾಡು ಕೆಡುತ್ತದೆ. ಧಾಟಿ ಪ್ರತಿ ನುಡಿಗೂ ಅದೇ, ಬದಲಾಗುವುದು ಮಾತು ಮಾತ್ರ. ಅವಳು ಸುಳ್ಳು ಹೇಳುವ ಸಾಲನ್ನೂ ಕೊನೆಗೆ 'ಅವಳು ಬದುಕಿದ್ದಾಳೆ, ನಿನ್ನ ಪಕ್ಕದಲ್ಲೇ ಇದ್ದಾಳೆ' ಅನ್ನುವ ಸಾಲನ್ನೂ ಒಂದೇ ಓಟದಲ್ಲಿ, ಸುಮ್ನೆ ಹೇಳಿಬಿಡುತ್ತೇನೆ. ಕೇಳುವವರು ತಾವೇ ಬೆಚ್ಚುತ್ತಾರೆ.

ಅದೇ ಕಾಲದ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ತನ್ನ ಸಂಗ್ರಹದ ಸುಮಾರು 1,800 ಹಾಳೆಗಳನ್ನು ವಿಷಯವಾರು ವಿಂಗಡಿಸಿದ್ದ. ಸುಖದ ಪ್ರೀತಿಗೂ ದುಃಖದ ಪ್ರೀತಿಗೂ ಬೇರೆ ಬೇರೆ ಭಾಗ. ನಾನಿನ್ನೂ ಸುಖದ ಭಾಗದಲ್ಲೇ ಇದ್ದೇನೆ.