ಕಕ್ಕಬ್ಬೆಯಲ್ಲಿ ಉಳಿದು ಕೊಡಗಿನ ಹಳ್ಳಿಗಾಡು ನೋಡುವ ಬಗೆ

ಕೊಡಗಿಗೆ ಭಾರತದ ಸ್ಕಾಟ್ಲೆಂಡ್ ಎಂಬ ಹೆಸರಿದೆ. ಮಂಜು, ಗುಡ್ಡ, ತೊರೆಗಳ ಮಟ್ಟಿಗೆ ಅದು ಒಪ್ಪುವ ಮಾತೇ. ಒಂದು ವ್ಯತ್ಯಾಸ ಮಾತ್ರ ಹೊರಡುವ ಮೊದಲೇ ಗೊತ್ತಿರಲಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಬೆಟ್ಟ, ಬಯಲುಗಳಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಕೊಡಗಿನಲ್ಲಿ ರಸ್ತೆಯಿಂದ ಇಳಿದರೆ ಯಾರದೋ ತೋಟ, ಇಲ್ಲವೇ ಇಲಾಖೆಯ ಕಾಡು. ಎರಡಕ್ಕೂ ಕೇಳಿಯೇ ಕಾಲಿಡಬೇಕು. ಆದ್ದರಿಂದ ತೋಟದೊಳಗಿನ ಹೋಂಸ್ಟೇಯಲ್ಲೇ ಉಳಿಯಿರಿ, ಮನೆಯವರೇ ದಾರಿ ತೋರಿಸುತ್ತಾರೆ.

ಜಿಲ್ಲೆಯಲ್ಲಿ ರೈಲು ಇಲ್ಲ. ಮೈಸೂರಿನಿಂದ ಮಡಿಕೇರಿಗೆ ರಸ್ತೆಯಲ್ಲಿ ಸುಮಾರು 120 ಕಿ.ಮೀ. ಮಡಿಕೇರಿಯಲ್ಲಿ ರೂಮು ಹಿಡಿದು ದಿನಕ್ಕೆ ಆರು ಜಾಗ ಸುತ್ತಿದರೆ ಅರ್ಧ ದಿನ ಕಾರಿನಲ್ಲೇ ಮುಗಿಯುತ್ತದೆ. ಅದರ ಬದಲು ಮೂರು ದಿನ ಕಕ್ಕಬ್ಬೆ ಎಂಬ ಹಳ್ಳಿಯ ಕಡೆ ನಿಂತುಬಿಡಿ.

ಮೊದಲ ಕೆಲಸ ತಡಿಯಂಡಮೋಳ್ ಬೆಟ್ಟ ಹತ್ತುವುದು. ಎತ್ತರ 1748 ಮೀಟರ್, ಸ್ಕಾಟ್ಲೆಂಡಿನ ಬೆನ್ ನೆವಿಸ್‌ಗಿಂತ (1345 ಮೀ.) ನಾನೂರು ಮೀಟರ್ ಹೆಚ್ಚು. ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಆನ್‌ಲೈನಲ್ಲಿ ಮಾಡಿಸಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು, ಕೇಳಿಕೊಳ್ಳಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ನಡಿಗೆ ಶುರು. ಮೊದಲು ತೋಟದ ನಡುವಿನ ರಸ್ತೆ, ಆಮೇಲೆ ಶೋಲಾ ಕಾಡು (ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಬೋಳು ಹುಲ್ಲುಗುಡ್ಡ. ಹತ್ತಲು ಮೂರು ಗಂಟೆ ಇಟ್ಟುಕೊಳ್ಳಿ, ಕೊನೆಯ ಏರು ಕಡಿದಾಗಿದೆ. ತಲೆಗೆರಡು ಲೀಟರ್ ನೀರು ಬೇಕು. ಹೊರಡುವುದು ತಡವಾದರೆ ತುದಿ ಮುಟ್ಟುವಷ್ಟರಲ್ಲಿ ಮೋಡ ಕವಿದು ಏನೂ ಕಾಣುವುದಿಲ್ಲ. ಬೆಳಗ್ಗೆಯೇ ಹೊರಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಣೆ ಬಿಡುವುದಿಲ್ಲ. ಪ್ಯಾಂಟಿನ ತುದಿಯನ್ನು ಸಾಕ್ಸ್‌ನೊಳಗೆ ಸೇರಿಸಿ. ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದು ನೀರಲ್ಲಿ ಅದ್ದಿಕೊಳ್ಳಿ; ಕಚ್ಚಿದ ಜಿಗಣೆಗೆ ಮುಟ್ಟಿಸಿದರೆ ಮುದುಡಿ ಉದುರುತ್ತದೆ. ಕಿತ್ತೆಳೆಯಬೇಡಿ, ಗಾಯ ದೊಡ್ಡದಾಗುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಆಮೇಲೂ ರಕ್ತ ಸೋರುತ್ತದೆ. ಗಾಬರಿ ಬೇಡ, ತೊಳೆದು ಹತ್ತು ನಿಮಿಷ ಒತ್ತಿ ಹಿಡಿಯಿರಿ.

ಕಾಫಿ ಹೂವು ನೋಡಬೇಕೆಂದರೆ ಕ್ಯಾಲೆಂಡರ್ ನಂಬಬೇಡಿ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋಂಸ್ಟೇಗೆ ಫೋನ್ ಮಾಡಿ, ‘ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಬಂತಾ? ಸ್ಪ್ರಿಂಕ್ಲರ್ ಹಾಕಿ ಎಷ್ಟು ದಿನ ಆಯ್ತು?’ ಎಂದು ಕೇಳಿ. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ರೆಂಬೆಯ ಗೆಣ್ಣುಗೆಣ್ಣಿಗೂ ಬಿಳಿ ಗೊಂಚಲು ಬಿಚ್ಚಿಕೊಂಡು ತೋಟವೆಲ್ಲ ಮಲ್ಲಿಗೆಯಂತೆ ಘಮಗುಡುತ್ತದೆ. ಮೂರ್ನಾಲ್ಕು ದಿನ ಅಷ್ಟೇ, ಮತ್ತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಫೋಟೋಗೆಂದು ಗಿಡ ಅಲುಗಿಸಬೇಡಿ, ಪ್ರತಿ ಹೂವೂ ಬೆಳೆಗಾರನ ಮುಂದಿನ ಫಸಲು. ಹಣ್ಣು ಕೊಯ್ಲು ನೋಡುವವರು ಅರೇಬಿಕಾಕ್ಕೆ ಡಿಸೆಂಬರ್, ರೊಬಸ್ಟಾಕ್ಕೆ ಜನವರಿ-ಫೆಬ್ರವರಿ ಹಿಡಿಯಲಿ.

ಇನ್ನೊಂದು ದಿನ ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದರ್ಶನ ಮುಗಿಸಿ ಭಾಗಮಂಡಲಕ್ಕೆ ಹೋಗಿ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮ ಅದು. ಅಲ್ಲಿಂದ ಸುಮಾರು ಎಂಟು ಕಿ.ಮೀ. ಮೇಲೆ ತಲಕಾವೇರಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ಜನಸಾಗರವೇ ಸೇರುತ್ತದೆ. ಸದ್ದಿಲ್ಲದ ಜಾಗ ಬೇಕಿದ್ದರೆ ಆ ವಾರ ಬಿಡಿ. ಜೋರು ಮಳೆಗಾಲದಲ್ಲಿ ಸಂಗಮ ಉಕ್ಕಿ ಹರಿಯುತ್ತದೆ, ನೀರಿಗಿಳಿಯುವ ಯೋಚನೆಯೇ ಬೇಡ.

ಊಟ ಹಿಂದಿನ ರಾತ್ರಿಯೇ ಹೇಳಿಡಿ. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಅಕ್ಕಿ ಶಾವಿಗೆ ನೂಪುಟ್ಟು, ಮಳೆಗಾಲವಾದರೆ ಕಣಿಲೆ (ಎಳೆ ಬಿದಿರು) ಸಾರು, ಮಾಂಸ ತಿನ್ನುವವರಿಗೆ ಪಂದಿ (ಹಂದಿ) ಕರಿ. ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವುದು ಕಾಚಂಪುಳಿ, ಹುಳಿ ಹಣ್ಣಿನ ರಸ ಕುದಿಸಿ ಮಂದ ಮಾಡಿದ್ದು. ಕೊಳ್ಳುವಾಗ ಬಾಟಲಿ ಓರೆ ಮಾಡಿ ನೋಡಿ: ಒಳ್ಳೆಯದು ಮಂದವಾಗಿ ಗಾಜಿಗೆ ಅಂಟಿಕೊಂಡು ಇಳಿಯುತ್ತದೆ, ನೀರಿನಂತೆ ಜಾರಿದರೆ ಬೇಡ. ಒಂದು ಕಿಲೋ ಮಾಂಸಕ್ಕೆ ದೊಡ್ಡ ಚಮಚದಲ್ಲಿ ಒಂದು ಸಾಕು.

ಸಂಜೆ ಆರರ ನಂತರ, ನಸುಕಿನಲ್ಲಿ ತೋಟದ ದಾರಿಯಲ್ಲಿ ಒಬ್ಬರೇ ನಡೆಯಬೇಡಿ. ಕಾಡಾನೆ ಓಡಾಡುವ ಹೊತ್ತು ಅದು, ಕಾಫಿ ಗಿಡದ ಮರೆಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಆನೆ ಇಳಿದಿದೆಯೇ ಎಂದು ದಿನಾ ಮನೆಯವರನ್ನು ಕೇಳಿ, ಬೇಡ ಎಂದ ದಿನ ಅಂಗಳದಲ್ಲೇ ಇರಿ.